ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ, ಕಾರು ಇನ್ನೂ ಎಡಕ್ಕೆ ಎಳೆಯುತ್ತೆ, ಅಲೆಯುತ್ತೆ

ಪ್ರಶ್ನೆ (ಹಿಂಜವಡಿ, ಪುಣೆ): ನಮಸ್ಕಾರ ಅಣ್ಣಾ. ನೀವು ಚಿಂಚವಡದಲ್ಲಿ ಬರೀ ಸ್ಟೀರಿಂಗ್, ಸಸ್ಪೆನ್ಶನ್ ಕೆಲಸ ಮಾಡುತ್ತೀರಿ ಅಂತ ಈ ಗ್ರೂಪಿನಲ್ಲಿ ಓದಿದೆ. ಅದಕ್ಕೇ ಕೇಳುತ್ತಿದ್ದೇನೆ. ಹೋದ ವರ್ಷ 2002ರ ಮರ್ಸಿಡಿಸ್ ಎಸ್‌ಎಲ್‌ಕೆ 230 ತೆಗೆದುಕೊಂಡೆ. ಎರಡು ಸೀಟಿನ ಗಾಡಿ. ಚಿಕ್ಕವನಿದ್ದಾಗಿಂದ ಇದರ ಮೇಲೆ ಆಸೆ. ಊರೊಳಗೆ ಏನೂ ಗೊತ್ತಾಗಲ್ಲ. ಕಾತ್ರಜ್ ಬೈಪಾಸಿನಲ್ಲಿ 80 ದಾಟಿದರೆ ಮಾತ್ರ ಸ್ಟೀರಿಂಗ್ ಎರಡು ಬೆರಳಿನಷ್ಟು ಸಡಿಲ ಅನ್ನಿಸುತ್ತದೆ. ಎಡ, ಬಲ, ಎಡ, ಬಲ ಅಂತ ತಿದ್ದುತ್ತಲೇ ಇರಬೇಕು. ಪಕ್ಕದಲ್ಲಿ ಕಂಟೇನರ್ ಹೋದರೆ ಎದೆ ಝಲ್ಲೆನ್ನುತ್ತೆ. ಹಿಡಿತ ಸಡಿಲ ಮಾಡಿದರೆ ಎಡಕ್ಕೆ ಎಳೆಯುತ್ತೆ. ಮೂರು ಸಲ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡೋದು, ಆಯಿತು. ಪ್ರತಿ ಸಲವೂ ಮಷಿನ್ ಕೊಟ್ಟ ಕಾಗದದಲ್ಲಿ ಎಲ್ಲಾ ಹಸಿರು, ಅಂದರೆ ಸರಿ. ಈಗ ಸ್ಟೀರಿಂಗ್ ಡ್ಯಾಂಪರ್ ಬದಲಿಸಿ ಅಂತಿದ್ದಾರೆ. ಬದಲಿಸಲೇ?

ಉತ್ತರ: ನಮಸ್ಕಾರ. ಸದ್ಯಕ್ಕೆ ಡ್ಯಾಂಪರ್ ಬೇಡ. ನಾಲ್ಕನೇ ಅಲೈನ್‌ಮೆಂಟೂ ಬೇಡ.

ಮೊದಲು ಒಂದು ವಿಷಯ. ನೀವು ಒಂದೇ ಉಸಿರಿನಲ್ಲಿ ಎರಡು ಕಾಯಿಲೆ ಹೇಳಿದ್ದೀರಿ. ಎಳೆಯೋದು ಬೇರೆ, ಅಲೆಯೋದು ಬೇರೆ. ಎಳೆತ ಅಂದರೆ ಗಾಡಿಗೆ ಒಂದು ಕಡೆ ಹೋಗಬೇಕು ಅನ್ನೋ ಹಟ ಇದೆ. ಅಲೆದಾಟ ಅಂದರೆ ಗಾಡಿಗೆ ಎತ್ತ ಹೋಗಬೇಕು ಅಂತಲೇ ತಿಳಿಯುತ್ತಿಲ್ಲ. ಎಳೆತಕ್ಕೆ ಸಾಮಾನ್ಯವಾಗಿ ಕಾರಣ ಟೈರ್, ಬ್ರೇಕ್, ಇಲ್ಲಾ ಎಡ-ಬಲ ಚಕ್ರಗಳ ಕೋನದ ಫರಕು. ಅಲೆದಾಟಕ್ಕೆ ಕಾರಣ ಎಲ್ಲೋ ಒಂದು ಕಡೆ ಪ್ಲೇ, ಅಂದರೆ ಸಡಿಲ. ಎರಡನ್ನೂ ಸೇರಿಸಿ ಹುಡುಕಿದರೆ ಎರಡೂ ಸಿಗಲ್ಲ.

ಎಳೆತವನ್ನು ನೀವೇ ಮನೆಯಲ್ಲಿ ನೋಡಬಹುದು. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ನಾಲ್ಕೂ ಚಕ್ರದ ಹವಾ ನೋಡಿ. ಆಮೇಲೆ ಟೈರಿನ ವಯಸ್ಸು. ಪಕ್ಕದ ಗೋಡೆಯಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2216 ಅಂತಿದ್ದರೆ 2016ರ 22ನೇ ವಾರದ ಟೈರ್. ಇಂಥ ಗಾಡಿಗಳು ಓಡೋದು ಕಮ್ಮಿ, ಹಾಗಾಗಿ ಹಲ್ಲು ಹೊಸದರ ಹಾಗೆ ಕಾಣುತ್ತೆ, ಆದರೆ ರಬ್ಬರ್ ಗಟ್ಟಿಯಾಗಿರುತ್ತೆ. ಹಲ್ಲು ನೋಡಿ ಮೋಸ ಹೋಗಬೇಡಿ.

ಎರಡೂ ಸರಿ ಇದ್ದರೆ ಮುಂದಿನ ಎಡ ಚಕ್ರ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಓಡಿಸಿ. ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟೈರಿನದು. ಕೆಲವು ಟೈರ್ ಒಳಗಿನಿಂದಲೇ ಸ್ವಲ್ಪ ಶಂಕುವಿನ ಹಾಗೆ ಆಗಿರುತ್ತವೆ, ಕಣ್ಣಿಗೆ ಕಾಣಲ್ಲ. ಎಳೆತ ಎಡಕ್ಕೇ ಉಳಿದರೆ ಗಾಡಿಯ ಕಡೆ ನೋಡಬೇಕು. ಮುಂದಿನದನ್ನು ಹಿಂದಕ್ಕೆ ಮಾತ್ರ ಹಾಕಬೇಡಿ. ನಿಮ್ಮದು 16 ಇಂಚಿನ ಚಕ್ರ ಆಗಿದ್ದರೆ ಮುಂದೆ 205, ಹಿಂದೆ 225 ಅಗಲ ಇರುತ್ತದೆ. ಟೈರ್ ಮೇಲೆ ಬಾಣದ ಗುರುತು ಇದ್ದರೆ ಈ ಪರೀಕ್ಷೆ ಒಣ ರಸ್ತೆಯಲ್ಲಿ ಸ್ವಲ್ಪ ದೂರ ಮಾತ್ರ ಮಾಡಿ, ಮತ್ತೆ ಮೊದಲಿನ ಹಾಗೇ ಹಾಕಿ.

ಇನ್ನು ಹಸಿರು ಕಾಗದದ ಬಗ್ಗೆ. ಬಹಳ ಕಡೆ ಅಲೈನ್‌ಮೆಂಟ್ ಅಂದರೆ ಮುಂದಿನ ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರೋದು, ಅದೊಂದನ್ನೇ ಸರಿ ಮಾಡೋದು. ಮುಂದಿನ ಟೋ ತಪ್ಪಿದರೆ ಟೈರ್ ಸವೆಯುತ್ತೆ, ಸ್ಟೀರಿಂಗ್ ಚಕ್ರ ವಾಲುತ್ತೆ, ಟೋ ಹೊರಗೆ ಹೋಗಿದ್ದರೆ ಗಾಡಿ ಚಂಚಲ ಆಗುತ್ತೆ. ಆದರೆ ಒಂದು ಕಡೆಗೆ ಎಳೆಯಲ್ಲ, ಯಾಕೆಂದರೆ ಓಡುವಾಗ ಎರಡೂ ಚಕ್ರ ಅದನ್ನು ಸಮ ಹಂಚಿಕೊಳ್ಳುತ್ತವೆ. ಎಳೆಯೋದು ಕ್ಯಾಸ್ಟರ್ ಮತ್ತು ಕ್ಯಾಂಬರ್. ಕ್ಯಾಸ್ಟರ್ ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಪಕ್ಕದಿಂದ ನೋಡಿದರೆ ಹಿಂದಕ್ಕೆ ವಾಲಿರೋದು. ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದರೆ ಚಕ್ರದ ಮೇಲ್ತುದಿ ಒಳಗೋ ಹೊರಗೋ ವಾಲಿರೋದು. ಕ್ಯಾಸ್ಟರ್ ಯಾವ ಕಡೆ ಕಮ್ಮಿಯೋ ಆ ಕಡೆ ಎಳೆಯುತ್ತೆ. ಕ್ಯಾಂಬರ್ ಯಾವ ಕಡೆ ಜಾಸ್ತಿ ಪಾಸಿಟಿವ್ (ಮೇಲ್ತುದಿ ಹೊರಗೆ) ಇದೆಯೋ ಆ ಕಡೆ ಎಳೆಯುತ್ತೆ. ಕ್ಯಾಸ್ಟರಿನ ಹಸಿರು ಪಟ್ಟಿ ಅಗಲ ಇರುತ್ತದೆ. ಎಡದ್ದು ಪಟ್ಟಿಯ ಈ ಅಂಚಿನಲ್ಲಿ, ಬಲದ್ದು ಆ ಅಂಚಿನಲ್ಲಿ ಇದ್ದರೂ ಎರಡೂ ಹಸಿರೇ! ಬಣ್ಣ ಬಿಡಿ, ಅಂಕಿ ನೋಡಿ. ಎರಡರ ನಡುವೆ ಅರ್ಧ ಡಿಗ್ರಿಗಿಂತ ಜಾಸ್ತಿ ಫರಕು ಇದ್ದರೆ ನನಗೆ ತಿಳಿಸಿ.

ಒಂದು ಪ್ರಶ್ನೆ ನನ್ನದೂ ಇದೆ. ಮೊದಲು ಸ್ಟೀರಿಂಗ್ ಚಕ್ರ ವಾಲಿತ್ತೇ? ಅದನ್ನು ಹೇಗೆ ನೇರ ಮಾಡಿದರು?

ಪ್ರಶ್ನಿಸಿದವರು: ಹೌದು ಅಣ್ಣಾ! ಸ್ವಲ್ಪ ಬಲಕ್ಕೆ ವಾಲಿತ್ತು. ಎರಡನೇ ಸಲ ಸ್ಟೀರಿಂಗ್ ಚಕ್ರವನ್ನೇ ಬಿಚ್ಚಿ ನೇರ ಕೂರಿಸಿ ಕೊಟ್ಟರು. ಅದಾದ ಮೇಲೇ ಅಲೆದಾಟ ಜಾಸ್ತಿ ಆಯಿತು ಅಂತ ಈಗ ನೆನಪಾಗುತ್ತಿದೆ. ಕ್ಯಾಸ್ಟರ್ ಎಡಕ್ಕೆ ಬಲಕ್ಕಿಂತ 0.8 ಡಿಗ್ರಿ ಕಮ್ಮಿ ಇದೆ. ಟೈರ್ ಅದಲು ಬದಲು ಮಾಡಿದರೂ ಎಳೆತ ಎಡಕ್ಕೇ.

ಉತ್ತರ: ನೋಡಿ, ಸಿಕ್ಕಿತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಗಾಡಿ ಇರುವವರಿಗೆಲ್ಲ ಬೇಕಾಗುವ ವಿಷಯ.

ಇವತ್ತಿನ ಹೆಚ್ಚಿನ ಕಾರುಗಳಲ್ಲಿ ಹಲ್ಲಿನ ಸರಳೊಂದು ಎಡ-ಬಲ ಸರಿದು ಚಕ್ರ ತಿರುಗಿಸುವ ರ್‍ಯಾಕ್ ಸ್ಟೀರಿಂಗ್. ನಿಮ್ಮ ಎಸ್‌ಎಲ್‌ಕೆ, ಅಂದರೆ 1996ರಿಂದ 2004ರವರೆಗಿನ ಆರ್170, ಹಾಗಲ್ಲ. ಅದರಲ್ಲಿ ಇರೋದು ಗುಂಡುಗಳು ಉರುಳುವ ಹಳೇ ಥರದ ಸ್ಟೀರಿಂಗ್ ಬಾಕ್ಸ್. ಆಮೇಲಿನ ಮಾದರಿಗೆ ರ್‍ಯಾಕ್ ಬಂತು. ಬಾಕ್ಸಿನಿಂದ ಒಂದು ತೋಳು, ಅದಕ್ಕೆ ಅಡ್ಡಲಾಗಿ ಡ್ರ್ಯಾಗ್ ಲಿಂಕ್, ಅದರ ಆಚೆ ತುದಿಯನ್ನು ಹಿಡಿದುಕೊಳ್ಳಲು ಐಡ್ಲರ್ ಆರ್ಮ್, ಎರಡೂ ಕಡೆ ಚಕ್ರಕ್ಕೆ ಸೇರುವ ಟೈ ರಾಡ್. ಇಷ್ಟೆಲ್ಲಾ ಕೀಲು. ಒಂದೊಂದು ಕೂದಲೆಳೆಯಷ್ಟು ಸವೆದರೂ ನಿಮ್ಮ ಕೈಗೆ ಬರುವಾಗ ಎರಡು ಬೆರಳಿನ ಸಡಿಲ ಆಗಿರುತ್ತೆ. ಇದು ಕಂಪನಿಯ ತಪ್ಪಲ್ಲ. ರಬ್ಬರಿಗೂ ಗ್ರೀಸಿಗೂ ಇಪ್ಪತ್ತು ವರ್ಷ ದಾಟಿದೆ ಅಷ್ಟೇ.

ಬಾಕ್ಸಿನ ಒಳಗಿನ ಹಲ್ಲುಗಳನ್ನು ಬೇಕಂತಲೇ ಸರಿ ಮಧ್ಯದಲ್ಲಿ ಬಿಗಿಯಾಗಿ ಕೂರುವಂತೆ ಮಾಡಿರುತ್ತಾರೆ. ಮಧ್ಯ ಬಿಟ್ಟು ಆಚೀಚೆ ಹೋದರೆ ಕೊಂಚ ಸಡಿಲ. ನೇರ ಹೋಗುವಾಗ ಬಿಗಿ ಬೇಕು, ತಿರುವಿನಲ್ಲಿ ಸ್ವಲ್ಪ ಸಡಿಲ ಇದ್ದರೂ ಪರವಾಗಿಲ್ಲ, ಅದಕ್ಕೆ. ಈಗ ನಿಮ್ಮ ಗಾಡಿಯಲ್ಲಿ ಏನಾಯಿತು? ಟೈ ರಾಡ್‌ಗಳನ್ನು ಒಂದು ಉದ್ದ, ಒಂದು ಗಿಡ್ಡ ಮಾಡಿ ಚಕ್ರ ನೇರ ಮಾಡಿದ್ದಾರೆ. ಸ್ಟೀರಿಂಗ್ ವಾಲಿತು. ಅದನ್ನು ಬಿಚ್ಚಿ ನೇರ ಕೂರಿಸಿದರು. ನೋಡಲು ನೇರವೇ. ಆದರೆ ಬಾಕ್ಸ್ ಮಧ್ಯದಲ್ಲಿಲ್ಲ. ನೀವು ನೇರ ರಸ್ತೆಯಲ್ಲಿ ಇಡೀ ಹೊತ್ತು ಬಾಕ್ಸಿನ ಸಡಿಲ ಜಾಗದಲ್ಲೇ ಓಡಿಸುತ್ತಿದ್ದೀರಿ. ಈ ಕೆಲಸ ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತೆ. ಒಳ್ಳೆಯ ಬಾಕ್ಸನ್ನು ಹಾಳಾಗಿದೆ ಅಂತ ಎಸೆದವರನ್ನು ನಾನು ನೋಡಿದ್ದೇನೆ.

ಬಾಕ್ಸಿನ ಮೇಲೆ ಒಂದು ಸ್ಕ್ರೂ, ಅದಕ್ಕೆ ಲಾಕ್ ನಟ್ಟು ಇದೆ. ಅದನ್ನು ಬಿಗಿ ಮಾಡಿಬಿಡೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಮಧ್ಯ ತಪ್ಪಿದ ಬಾಕ್ಸನ್ನು ಬಿಗಿ ಮಾಡಿದರೆ ಮಧ್ಯಕ್ಕೆ ಬಂದಾಗ ಹಿಡಿದುಕೊಳ್ಳುತ್ತೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮರಳಲ್ಲ. ಖಂಡಾಳಾ ಘಾಟಿನಲ್ಲಿ ಅದು ಆಗಬಾರದು.

ಮೊದಲು ಕೀಲುಗಳ ಪರೀಕ್ಷೆ ಮಾಡಿಸಿ. ಚಕ್ರಗಳು ನೆಲದ ಮೇಲೇ ಇರಬೇಕು, ಗಾಡಿಯನ್ನು ರ್‍ಯಾಂಪಿಗೋ ಗುಂಡಿಯ ಮೇಲೋ ಹತ್ತಿಸಿ. ಎಂಜಿನ್ ಚಾಲೂ ಇರಲಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪ ಎಡ-ಬಲ ಆಡಿಸಲಿ. ಕೆಳಗಿರುವವರು ಒಂದೊಂದು ಕೀಲಿನ ಮೇಲೆ ಬೆರಳಿಟ್ಟು ನೋಡಲಿ. ಒಂದು ಕಡೆ ಅಲುಗಿ ಇನ್ನೊಂದು ಕಡೆ ಅಲುಗದೆ ಇರುವ ಜಾಗವೇ ಪ್ಲೇ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತೆ. ನಿಮ್ಮದು ಬಲಗಡೆ ಸ್ಟೀರಿಂಗ್, ಹಾಗಾಗಿ ಐಡ್ಲರ್ ಎಡಗಡೆ. ಅದರ ಬುಶ್, ಅಂದರೆ ಕೀಲಿನೊಳಗೆ ಕೂರುವ ಕೊಳವೆ, ಅದರ ಮೇಲೆ ನನಗೆ ಅನುಮಾನ. ಆ ತೋಳು ಮೇಲೆ-ಕೆಳಗೆ ಕುಣಿಯುತ್ತಿದೆಯೇ ನೋಡಿ. ಆಮೇಲೆ ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಕೆಳಗಿನ ಬಾಲ್ ಜಾಯಿಂಟ್ ನೋಡಲಿ, ಅಂದರೆ ಚಕ್ರವನ್ನು ಹಿಡಿದಿಡುವ ಕೆಳಗಿನ ಆರ್ಮ್ ಚಕ್ರಕ್ಕೆ ಸೇರುವ ಕೀಲು. ಸ್ಟ್ಯಾಂಡ್ ಇಲ್ಲದೆ ಕೆಳಗೆ ಹೋಗಲೇಬೇಡಿ. ಬಾಲ್ ಜಾಯಿಂಟಿನಲ್ಲಿ ಪ್ಲೇ ಇದ್ದರೆ ಅದು ಸರಿಯಾಗುವವರೆಗೆ ಎಕ್ಸ್‌ಪ್ರೆಸ್‌ವೇ ಕಡೆ ಹೋಗಬೇಡಿ, ದಯವಿಟ್ಟು.

ಡ್ಯಾಂಪರ್ ಯಾಕೆ ಬೇಡ ಅಂದೆ ಅಂದರೆ, ಅದು ಗುಂಡಿಯ ಏಟು ಕೈಗೆ ಬಾರದಂತೆ ತಡೆಯುವ ಸಾಮಾನು. ಹೊಸದು ಹಾಕಿದರೆ ಸ್ಟೀರಿಂಗ್ ಗಟ್ಟಿಯಾದ ಹಾಗೆ ಅನ್ನಿಸುತ್ತೆ, ಪ್ಲೇ ಮುಚ್ಚಿಹೋಗುತ್ತೆ. ಮುಚ್ಚಿದರೆ ವಾಸಿ ಆದ ಹಾಗಲ್ಲ ಅಲ್ವಾ?

ಇನ್ನೊಬ್ಬ ಸದಸ್ಯೆ (ಮಡಗಾಂವ್, ಗೋವಾ): ನಡುವೆ ಬಂದೆ, ಕ್ಷಮಿಸಿ. ನಮ್ಮದು ಹಳೆಯ ಪೋರ್ಷೆ ಬಾಕ್ಸ್‌ಸ್ಟರ್, 986. ಮಳೆಗಾಲದಲ್ಲಿ ನಾಲ್ಕು ತಿಂಗಳು ಹೊದಿಸಿ ಇಟ್ಟಿದ್ದೆವು. ಈಗ ಬ್ರೇಕ್ ಒತ್ತಿದಾಗ ಮಾತ್ರ ಬಲಕ್ಕೆ ಎಳೆಯುತ್ತೆ. ನಾವೂ ಅಲೈನ್‌ಮೆಂಟ್ ನೋಡಿಸಬೇಕೇ?

ಉತ್ತರ: ಬೇಡ ಅಕ್ಕಾ. ಬ್ರೇಕ್ ಒತ್ತಿದಾಗ ಮಾತ್ರ ಅಂದರೆ ಮೊದಲು ಬ್ರೇಕೇ ನೋಡಬೇಕು. ಹತ್ತು ನಿಮಿಷ ನಿಧಾನಕ್ಕೆ ಓಡಿಸಿ ನಿಲ್ಲಿಸಿ, ಮುಂದಿನ ಎರಡೂ ಚಕ್ರದ ಹತ್ತಿರ ಕೈ ತನ್ನಿ. ಮುಟ್ಟಬೇಡಿ, ಬಿಸಿ ಮಾತ್ರ ನೋಡಿ. ಎಡದ್ದು ತಣ್ಣಗಿದ್ದರೆ ಎಡ ಬ್ರೇಕ್ ಕೆಲಸ ಮಾಡುತ್ತಿಲ್ಲ, ಬಲದ್ದೊಂದೇ ಹಿಡಿಯುತ್ತಿದೆ. ಬಲದ್ದು ಸುಡುತ್ತಿದ್ದರೆ ಅದು ಹಿಡಿದು ಬಿಡುತ್ತಿಲ್ಲ. ನಿಮ್ಮ ಗಾಡಿಯ ಕ್ಯಾಲಿಪರಿನಲ್ಲಿ, ಅಂದರೆ ಬ್ರೇಕ್ ಪ್ಯಾಡ್ ಒತ್ತುವ ಭಾಗದಲ್ಲಿ, ನಾಲ್ಕು ಪಿಸ್ಟನ್. ಕಡಲ ಗಾಳಿಗೆ ನಿಂತಲ್ಲೇ ಒಂದೆರಡು ಕಚ್ಚಿಕೊಂಡಿರಬಹುದು. ಪ್ಯಾಡ್ ಕೂರುವ ತಗಡಿನ ಕೆಳಗೆ ಅಲ್ಯುಮಿನಿಯಂ ಬಿಳಿ ಹುಡಿ ಕಟ್ಟಿ ಉಬ್ಬುತ್ತದೆ, ಪ್ಯಾಡ್ ಸಿಕ್ಕಿಕೊಳ್ಳುತ್ತೆ. ಬ್ರೇಕ್ ಹೋಸ್ ಹಳೆಯದಾಗಿದ್ದರೆ ಅದನ್ನೂ ಬದಲಿಸಿ. ಒಳಗೆ ಊದಿಕೊಂಡರೆ ಆಯಿಲ್ ಹೋಗುತ್ತೆ, ವಾಪಸ್ ಬರಲ್ಲ. ಈ ಪರೀಕ್ಷೆ ಬಿಟ್ಟರೆ ಸರಿಯಾಗುವವರೆಗೆ ಓಡಿಸಬೇಡಿ. ಎರಡೂ ಕಡೆ ಒಟ್ಟಿಗೆ ಮಾಡಿಸಿ, ಒಂದೇ ಕಡೆ ಅಲ್ಲ.

ಪ್ರಶ್ನಿಸಿದವರು (ಹತ್ತು ದಿನದ ಮೇಲೆ): ಅಣ್ಣಾ, ನೀವು ಹೇಳಿದ ಹಾಗೇ ಪರೀಕ್ಷೆ ಮಾಡಿಸಿದೆ. ಐಡ್ಲರ್ ಬುಶ್ ಪೂರ್ತಿ ಸತ್ತಿತ್ತು, ತೋಳು ಕಣ್ಣಿಗೇ ಕಾಣುವ ಹಾಗೆ ಕುಣಿಯುತ್ತಿತ್ತು. ನಾಣಾ ಪೇಠಿನಲ್ಲಿ ವಿಚಾರಿಸಿ ಬುಶ್ ತರಿಸಿ ಹಾಕಿಸಿದೆ. ಬಾಕ್ಸನ್ನು ಮಧ್ಯಕ್ಕೆ ತಂದು, ಟೈ ರಾಡ್‌ಗಳನ್ನು ಸಮ ಮಾಡಿ, ಆಮೇಲೆ ಸ್ಟೀರಿಂಗ್ ಚಕ್ರವನ್ನು ಅದರ ಸರಿಯಾದ ಜಾಗದಲ್ಲಿ ಕೂರಿಸಿದರು. ನಿನ್ನೆ ತಳೇಗಾಂವ್‌ವರೆಗೆ ಹೋಗಿ ಬಂದೆ. ಅಲೆದಾಟ ಹೋಗಿದೆ! ಕಂಟೇನರ್ ಪಕ್ಕದಲ್ಲೂ ಒಂದು ಕೈಯಲ್ಲಿ ನಿಲ್ಲುತ್ತೆ. ಎಡಕ್ಕೆ ಎಳೆಯೋದು ಮಾತ್ರ ಸ್ವಲ್ಪ ಇದೆ. ಕೆಳಗಿನ ಎಡ ಆರ್ಮಿನ ಬುಶ್ ಹರಿದಿದೆ ಅಂದರು.

ಉತ್ತರ: ಓದಿ ಬಹಳ ಖುಷಿ ಆಯಿತು. ಹರಿದ ಬುಶ್ಶೇ ನಿಮ್ಮ ಕ್ಯಾಸ್ಟರ್ ಫರಕಿಗೆ ಕಾರಣ ಇರಬೇಕು. ಆರ್ಮ್ ಹಿಂದಕ್ಕೆ ಸರಿದರೆ ಆ ಕಡೆ ಕ್ಯಾಸ್ಟರ್ ಕಮ್ಮಿ ಆಗುತ್ತೆ, ಆ ಕಡೆಗೇ ಎಳೆಯುತ್ತೆ. ಎಡ-ಬಲ ಎರಡೂ ಬದಲಿಸಿ. ಹಾಕುವವರಿಗೆ ಒಂದು ಮಾತು ತಪ್ಪದೆ ಹೇಳಿ: ಆರ್ಮಿನ ಬೋಲ್ಟನ್ನು ಗಾಡಿ ನೇತಾಡುತ್ತಿರುವಾಗ ಕೊನೆಯ ಬಿಗಿ ಕೊಡಬಾರದು. ಚಕ್ರದ ಮೇಲೆ ಭಾರ ಬಿದ್ದ ಮೇಲೇ ಕೊಡಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂತು, ಹೊಸ ಬುಶ್ಶೂ ಬೇಗ ಹರಿಯುತ್ತೆ.

ಅದಾದ ಮೇಲೆ ಅಲೈನ್‌ಮೆಂಟ್. ಹಿಂದಿನ ಚಕ್ರದ ಟೋ ಕೂಡ ನೋಡಲು ಹೇಳಿ, ನಿಮ್ಮ ಗಾಡಿಯಲ್ಲಿ ಅದನ್ನೂ ತಿದ್ದಬಹುದು. ಕ್ಯಾಸ್ಟರ್ ಆಮೇಲೂ ಸಮ ಬರದಿದ್ದರೆ, ಆರ್ಮಿನ ಬೋಲ್ಟಿನ ಜಾಗದಲ್ಲಿ ಹಾಕುವ ಕಚ್ಚು ಇರುವ ಬೋಲ್ಟ್ ಸಿಗುತ್ತೆ. ಅದರಿಂದ ಸ್ವಲ್ಪ ಸರಿಸಬಹುದು.

ಆಮೇಲೂ ಒಂದಿಷ್ಟು ಎಡಕ್ಕೆ ಹೋದರೆ ಗಾಬರಿ ಬೇಡ. ನೀರು ಹರಿಯಲಿ ಅಂತ ನಮ್ಮ ರಸ್ತೆಗಳಿಗೆ ಎಡಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಯಾವುದಾದರೂ ಸಮತಟ್ಟಾದ ದೊಡ್ಡ ಅಂಗಳದಲ್ಲಿ ನಿಧಾನವಾಗಿ ಬಿಟ್ಟು ನೋಡಿ. ಅಲ್ಲಿ ನೇರ ಹೋದರೆ ಗಾಡಿ ಸರಿ ಇದೆ. ಅಲ್ಲೂ ಎಳೆದರೆ ಹಳೇ ಕಾಗದ, ಹೊಸ ಕಾಗದ ಎರಡೂ ತಗೊಂಡು ಗ್ಯಾರೇಜಿಗೇ ಬನ್ನಿ.