ಜುಲೈನಲ್ಲಿ ಉಡುಪಿಯಿಂದ ಕಾರವಾರ, ಒಂದೇ ದಿನದಲ್ಲಿ ಕಾರಲ್ಲಿ ಹೋಗಿ ಬರಬಹುದಾ?

ದಾವಣಗೆರೆ_ಹುಡ್ಗ:
ಎಲ್ಲರಿಗೂ ನಮಸ್ಕಾರ. ಜುಲೈ ಮೂರನೇ ವಾರ ತಂಗಿಯನ್ನು ಮಣಿಪಾಲದ ಹಾಸ್ಟೆಲ್‌ಗೆ ಬಿಟ್ಟು ಬರಬೇಕು. ಹೇಗೂ ಅಷ್ಟು ದೂರ ಹೋಗಿರುತ್ತೇವೆ, ಮರುದಿನ ಬೆಳಿಗ್ಗೆ 66ನೇ ಹೆದ್ದಾರಿ ಹಿಡಿದು ಕಾರವಾರದ ತನಕ ಹೋಗಿ ರಾತ್ರಿ ಉಡುಪಿಗೆ ವಾಪಸ್ ಬರೋಣ ಅಂತ ನನ್ನ ಲೆಕ್ಕ. ಕಾರಲ್ಲಿ ನಾನು, ಅಪ್ಪ, ಅಮ್ಮ. ಓಡಿಸುವವನು ನಾನೊಬ್ಬನೇ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ಮಧ್ಯೆ ರಸ್ತೆ, ರೀಲ್ಸ್‌ನಲ್ಲಿ ನೋಡಿ ನೋಡಿ ಆಸೆ ಹತ್ತಿಬಿಟ್ಟಿದೆ. ಆದರೆ ಅಮ್ಮ 2024ರಲ್ಲಿ ಶಿರೂರಿನ ಗುಡ್ಡ ಕುಸಿದದ್ದನ್ನು ಟಿವಿಯಲ್ಲಿ ದಿನಾ ನೋಡಿದವರು. ಆ ರಸ್ತೆಯ ಹೆಸರೆತ್ತಿದರೇ ಬೇಡ ಅಂತಾರೆ. ಮರವಂತೆ, ಮುರುಡೇಶ್ವರ, ಮಿರ್ಜಾನ್ ಕೋಟೆ, ಗೋಕರ್ಣ, ಕಾರವಾರ, ಇಷ್ಟು ನೋಡಬೇಕು. ಅಪ್ಪನಿಗೆ ದಾರಿಯಲ್ಲಿ ತಾಜಾ ಮೀನಿನ ಊಟ ಬೇಕಂತೆ. ಆಗುತ್ತಾ?

ಕುಂದಾಪ್ರ_ಮಾಣಿ:
ಹೋಯ್ ಮಾರಾಯ್ರೆ, ಹೋಗಿ ರಾತ್ರಿಯೇ ವಾಪಸಾ? ಒಂದು ಕಡೆಗೇ 200 ಕಿಲೋಮೀಟರ್ ದಾಟುತ್ತದೆ. ಮಳೆಯಲ್ಲಿ, ಕತ್ತಲಲ್ಲಿ, ಲಾರಿಗಳ ನಡುವೆ ಒಬ್ಬರೇ ಓಡಿಸುವುದು ಬೇಡ.

ಇನ್ನೊಂದು ವಿಷಯ, ಬೇಜಾರು ಮಾಡಿಕೊಳ್ಳಬೇಡಿ. ರೀಲ್ಸ್‌ನಲ್ಲಿ ಕಾಣುವ ಹಾಗೆ ದಾರಿಯುದ್ದಕ್ಕೂ ಸಮುದ್ರ ಇರುವುದಿಲ್ಲ. ಅದು ಪಕ್ಕದಲ್ಲೇ ಸಿಗುವುದು ನಮ್ಮ ಮರವಂತೆಯಲ್ಲಿ, ಅದೂ ಮೂರ್ನಾಲ್ಕು ಕಿಲೋಮೀಟರ್. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ಕಾರವಾರದ ಕಡೆ ಹೋಗುವಾಗ ಕಡಲು ನಿಮ್ಮ ಎಡಕ್ಕೇ ಇರುವುದರಿಂದ ರಸ್ತೆ ದಾಟದೆ ಗಾಡಿ ನಿಲ್ಲಿಸಬಹುದು, ಅದೊಂದು ಅನುಕೂಲ. ಜುಲೈನಲ್ಲಿ ನೀಲಿ ನೀರು ಹುಡುಕಬೇಡಿ. ಕಡಲು ಮಣ್ಣಿನ ಬಣ್ಣಕ್ಕೆ ತಿರುಗಿ ಭೋರ್ಗರೆಯುತ್ತಿರುತ್ತದೆ, ನೋಡಲಿಕ್ಕೆ ಅದೇ ಚಂದ. ಆದರೆ ಕಲ್ಲುಗಳ ಮೇಲೆ ನಿಂತು ಸೆಲ್ಫಿ ಮಾತ್ರ ಬೇಡವೇ ಬೇಡ. ಒದ್ದೆ ಕಲ್ಲು ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ.

ಅಪ್ಪನ ಊಟದ ಕಥೆ ಸ್ವಲ್ಪ ಕಷ್ಟ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ. ನಾಡದೋಣಿಯವರು ತಂದರೆ ಉಂಟು, ಇಲ್ಲದಿದ್ದರೆ ನಿಮಗೆ ಬಡಿಸುವುದು ಐಸಿನ ಮೀನು. ಹೋಟೆಲಲ್ಲಿ ಇವತ್ತಿನದ್ದಾ ಅಂತ ಕೇಳಿಯೇ ಕೂತುಕೊಳ್ಳಿ. ಇಲ್ಲ ಅಂದರೆ ಕುಂದಾಪುರದಲ್ಲೇ ನೀರುದೋಸೆ, ಕೋಳಿಸುಕ್ಕ ಮುಗಿಸಿ. ಅದಕ್ಕೆ ಯಾವ ಕಾಲವೂ ಅಡ್ಡಿ ಇಲ್ಲ.

ಕುಮಟೆಯವಳು:
ನಿಮ್ಮ ಅಮ್ಮನ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಬೇಡಿ. ಮೊದಲು ಒಂದು ಗೊಂದಲ ಬಿಡಿಸ್ತೇನೆ. ಶಿರೂರು ಎರಡಿವೆ. ಬೈಂದೂರು ದಾಟಿದ ಮೇಲೆ ಟೋಲ್ ಇರುವುದು ಒಂದು. ಗುಡ್ಡ ಬಿದ್ದದ್ದು ಅಂಕೋಲಾ ಹತ್ತಿರದ ಶಿರೂರಿನಲ್ಲಿ, ಗಂಗಾವಳಿ ನದಿ ದಂಡೆಯ ಮೇಲೆ. 2024ರ ಜುಲೈ 16, ಬೆಳಿಗ್ಗೆ. ರಸ್ತೆ ಪಕ್ಕದ ಟೀ ಅಂಗಡಿ, ಅಂಗಡಿಯ ಕುಟುಂಬ, ನಿಂತಿದ್ದ ಗಾಡಿಗಳು ಎಲ್ಲ ಹೋದವು. ಹೊಳೆಗೆ ಬಿದ್ದ ಒಂದು ಲಾರಿಯನ್ನು ಮೇಲೆತ್ತಿದ್ದು ಸೆಪ್ಟೆಂಬರ್ ಕೊನೆಗೆ. ಈಗಲೂ ಅಲ್ಲಿ ದಾಟುವಾಗ ಕಾರಲ್ಲಿ ನಮ್ಮವರ್‍ಯಾರೂ ಮಾತಾಡುವುದಿಲ್ಲ.

ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ಗೋಡೆ ಹಾಗೆ ನೆಟ್ಟಗೆ ಕಡಿದ ಜಾಗಗಳು ನಮ್ಮ ಕಡೆ ಇನ್ನೂ ಇವೆ. ಮಣ್ಣು ನೀರು ಕುಡಿದು ಭಾರವಾದರೆ ಕೆಳಗೆ ಆಧಾರ ಇಲ್ಲ. ಹಾಗಾಗಿ ಎಲ್ಲೇ ಟೀ ಕುಡಿಯಲು ನಿಲ್ಲಿಸಿದರೂ ಗುಡ್ಡದ ಕಡೆ ನಿಲ್ಲಿಸಬೇಡಿ, ಊರೊಳಗೆ ನಿಲ್ಲಿಸಿ. ಉಡುಪಿ ಅಥವಾ ಉತ್ತರ ಕನ್ನಡದಲ್ಲಿ ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಹೊರಡಲೇಬೇಡಿ.

ಹೋಗಬೇಡಿ ಅಂತ ಹೇಳ್ತಾ ಇಲ್ಲ. ಮಳೆಗಾಲದಲ್ಲಿ ಈ ದಾರಿಯಲ್ಲಿ ನೋಡಬೇಕಾದ್ದು ಬೀಚಲ್ಲ, ಹೊಳೆ. ಹೊನ್ನಾವರದಲ್ಲಿ ಶರಾವತಿ, ದೀವಗಿಯಲ್ಲಿ ಅಘನಾಶಿನಿ, ಆಮೇಲೆ ಗಂಗಾವಳಿ. ಸೇತುವೆ ಮೇಲೆ ನಿಧಾನಕ್ಕೆ ಹೋದರೆ ಎಡಕ್ಕೆ ಕಡಲು ಸೇರುವ ಅಗಲ ನೀರು, ಬಲಕ್ಕೆ ಮೋಡದಲ್ಲಿ ಮುಳುಗಿದ ಘಟ್ಟ. ಮಿರ್ಜಾನ್ ಕೋಟೆಯನ್ನು ಮಾತ್ರ ಬಿಡಬೇಡಿ. ಹೆದ್ದಾರಿಗೆ ಹತ್ತಿರ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ. ಮಾರ್ಚಲ್ಲಿ ಬಂದವರು ಬರೀ ಕೆಂಪು ಕಲ್ಲು ನೋಡಿ ಹೋಗ್ತಾರೆ, ಜುಲೈನಲ್ಲಿ ಗೋಡೆಗೆ ಗೋಡೆಯೇ ಹಸಿರಾಗಿರುತ್ತದೆ. ಅಪ್ಪ, ಅಮ್ಮನಿಗೆ ಜಾರದ ಚಪ್ಪಲಿ ಇರಲಿ. ಗೋಕರ್ಣ ಪಟ್ಟಿಯಿಂದ ತೆಗೆಯಿರಿ, ಅದಕ್ಕೇ ಒಂದು ದಿನ ಬೇಕು.

ಹಳೇ_ಸ್ಟೇರಿಂಗು:
ಲಾರಿ ಓಡಿಸಿದವನು ನಾನು, ನೇರ ಹೇಳ್ತೀನಿ. ದಾವಣಗೆರೆಯವರು ಉಡುಪಿಗೆ ಯಾಕಪ್ಪಾ ವಾಪಸ್ ಹೋಗಬೇಕು? ಕಾರವಾರದಲ್ಲಿ ರಾತ್ರಿ ಉಳಿ. ಮರುದಿನ ಅಂಕೋಲಾಕ್ಕೆ ಬಂದು ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ಮೇಲೆ ಮನೆ ಸೇರು. ಬೆಳಿಗ್ಗೆ ಆರಕ್ಕೆ ಉಡುಪಿ ಬಿಟ್ಟರೆ ಮುರುಡೇಶ್ವರಕ್ಕೆ ಒಂದು ಗಂಟೆ ಕೊಡಬಹುದು. 123 ಅಡಿ ಶಿವ ದೂರದಿಂದಲೇ ಕಾಣುತ್ತಾನೆ, ಗೋಪುರಕ್ಕೆ ಲಿಫ್ಟ್ ಇದೆ, ಕಡಲಿಗೆ ಇಳಿಯಬೇಡಿ. ಕತ್ತಲಾಗುವ ಮೊದಲು ಸುರಂಗ ದಾಟಿ ಕಾರವಾರ ಸೇರಿಬಿಡಿ. ವೈಪರ್ ಹಳೇದಾಗಿದ್ದರೆ ಹೊರಡುವ ಮೊದಲೇ ಬದಲಾಯಿಸು. ಫಾಸ್ಟ್ಯಾಗಲ್ಲಿ ದುಡ್ಡಿರಲಿ, ಟೋಲ್ ಒಂದೆರಡಲ್ಲ.

ಕಾಳಿ ನದಿಯ ಸೇತುವೆ ನೋಡಬೇಕು ಅಂದರೆ ಕಾರವಾರ ಊರು ದಾಟಿ ಮುಂದೆ ಹೋಗಬೇಕು. ಹಳೇ ಸೇತುವೆ 2024ರ ಆಗಸ್ಟ್ 6ರ ಮಧ್ಯರಾತ್ರಿ ಕಳೆದ ಮೇಲೆ, ಅಂದರೆ 7ರ ನಸುಕಿನಲ್ಲಿ, ಕುಸಿದು ಒಂದು ಲಾರಿ ಹೊಳೆಗೆ ಬಿತ್ತು. ಪುಣ್ಯಕ್ಕೆ ಡ್ರೈವರ್ ಬದುಕಿದ.

ಕುಮಟೆಯವಳು:
ಅಣ್ಣಾ, ಅರಬೈಲು ಏನು ಕಮ್ಮಿಯಾ? ಅಲ್ಲೂ ಮಣ್ಣು ಬೀಳುತ್ತದೆ. ಹೊರಡುವ ಮುಂಚೆ ಅಂಕೋಲಾದಲ್ಲಿ ಯಾರನ್ನಾದರೂ ಕೇಳಿ ಹತ್ತಲಿ.

ದಾವಣಗೆರೆ_ಹುಡ್ಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಾಪಸ್ ಬರುವುದು ಕ್ಯಾನ್ಸಲ್, ಗೋಕರ್ಣ ಕ್ಯಾನ್ಸಲ್. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಶಾಲೆಗೆ ರಜೆ ಇಲ್ಲದಿದ್ದರೆ ಬರ್ತೀನಿ ಅಂದರು, ಶಿರೂರು ಬಂದಾಗ ಕಣ್ಣು ಮುಚ್ಚಿಕೊಳ್ತಾರಂತೆ. ಅಪ್ಪ ಮಾತ್ರ ಆಗಸ್ಟಲ್ಲೇ ಹೋಗೋಣ ಅಂತ ಹಟ ಹಿಡಿದಿದ್ದಾರೆ, ಮೀನಿಗೋಸ್ಕರ. ಅಂದ ಹಾಗೆ, ಶಾಲೆಗೆ ರಜೆ ಅಂತ ನಮಗೆ ಗೊತ್ತಾಗುವುದು ಹೇಗೆ?

ಕುಮಟೆಯವಳು:
ಹಿಂದಿನ ದಿನ ಸಂಜೆಯೋ ರಾತ್ರಿಯೋ ಜಿಲ್ಲಾಧಿಕಾರಿ ಆದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ದಿನಾಂಕ ನೋಡಿಕೊಳ್ಳಿ, ಹೋದ ವರ್ಷದ್ದನ್ನು ಕಳಿಸುವ ಮಕ್ಕಳು ನಮ್ಮನೆಯಲ್ಲೇ ಇಬ್ಬರಿದ್ದಾರೆ.