ಪೇಪರ್ಸ್ ಇಲ್ಲದ ಮನೆಯ ಮಗುವನ್ನು ಶಾಲೆಗೆ ಸೇರಿಸಿದ ಅನುಭವ ಇದೆಯಾ?

ಡಾಲಸ್‌ನಿಂದ ಪ್ರಶ್ನೆ:
ನಮ್ಮ ಮನೆ ಕ್ಲೀನಿಂಗ್‌ಗೆ ಬರುವಾಕೆ ಹೊಂಡುರಾಸ್‌ನವರು. ಪೇಪರ್ಸ್ ಇಲ್ಲ, ಅಂದರೆ ಅಮೆರಿಕದಲ್ಲಿ ಇರಲು ಕಾನೂನಿನ ದಾಖಲೆ ಇಲ್ಲ. ಮಗಳಿಗೆ 6 ವರ್ಷ. ಶಾಲೆಗೆ ಸೇರಿಸಿದರೆ ಸಿಕ್ಕಿಬೀಳುತ್ತೇವೆ ಎಂಬ ಭಯ. ಸ್ನೇಹಿತರಲ್ಲೇ ಕೆಲವರು "ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಅವರಿಗ್ಯಾಕೆ ಓದು, ಔಷಧಿ?" ಎನ್ನುತ್ತಾರೆ. ಇಂಥವರ ಜೊತೆ ಹೋಗಿ ಬಂದವರು ಇದ್ದರೆ ಹೇಳಿ.

ಪ್ಲೇನೋದಿಂದ:
ಸೇರಿಸಿ ಅಕ್ಕ, ತಡ ಮಾಡಬೇಡಿ. ಆ ಮಗುವಿಗೆ ಹಕ್ಕಿದೆ. ಅದು ತೀರ್ಮಾನವಾಗಿದ್ದೇ ಟೆಕ್ಸಸ್‌ನ ಕೇಸಿನಲ್ಲಿ. ಟೈಲರ್ ಊರಿನ ಶಾಲೆಗಳು ಇಂಥ ಮಕ್ಕಳಿಗೆ ವರ್ಷಕ್ಕೆ 1,000 ಡಾಲರ್ ಫೀಸ್ ಹಾಕಿದ್ದವು. 1982ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಎಂದಿತು.

ಎರಡು ವರ್ಷದ ಹಿಂದೆ ಇಂಥದೇ ಒಬ್ಬ ಹುಡುಗನನ್ನು ಸೇರಿಸಲು ಅವನ ತಾಯಿಯ ಜೊತೆ ಹೋಗಿದ್ದೆ. ಬಾಡಿಗೆ ಕರಾರು, ಕರೆಂಟ್ ಬಿಲ್, ಬರ್ತ್ ಸರ್ಟಿಫಿಕೇಟ್, ಲಸಿಕೆ ಹಾಕಿಸಿದ ದಾಖಲೆ ಕೊಟ್ಟೆವು. ಫಾರ್ಮ್‌ನಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಎಂದು ಕಂಡ ಕೂಡಲೇ ಆಕೆಯ ಪೆನ್ನು ಅಲ್ಲೇ ನಿಂತಿತು. "ಇದು ಕಡ್ಡಾಯ ಅಲ್ವಲ್ಲ?" ಎಂದು ಕೌಂಟರ್‌ನಲ್ಲಿ ಕೇಳಿದೆ. "ಖಾಲಿ ಬಿಡಿ, ಶಾಲೆಯಿಂದಲೇ ಬೇರೆ ನಂಬರ್ ಕೊಡ್ತೀವಿ" ಎಂದರು. ಅಷ್ಟೇ. ಒಬ್ಬರೇ ಹೋಗಿದ್ದರೆ ಆಕೆ ಎದ್ದು ಬಂದುಬಿಡುತ್ತಿದ್ದರು.

ಹ್ಯೂಸ್ಟನ್‌ನಿಂದ, ನರ್ಸ್:
ಆಸ್ಪತ್ರೆ ವಿಷಯವನ್ನೂ ಹೇಳಿಡಿ. 1986ರ ಕಾನೂನಿನ ಪ್ರಕಾರ ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲ, ಪೇಪರ್ಸ್ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ. 2024ರ ನವೆಂಬರ್‌ನಿಂದ ಟೆಕ್ಸಸ್ ಆಸ್ಪತ್ರೆಗಳಲ್ಲಿ ಪೌರತ್ವದ ಪ್ರಶ್ನೆ ಕೇಳುತ್ತಾರೆ. ಉತ್ತರಿಸದಿದ್ದರೂ ಚಿಕಿತ್ಸೆ ಕೊಡಲೇಬೇಕು. ಹೆದರಿ ನಾಲ್ಕು ದಿನ ಹೊಟ್ಟೆನೋವು ತಡೆದುಕೊಂಡವರು ಕೊನೆಗೆ ಅಪೆಂಡಿಕ್ಸ್ ಒಡೆದು ಬಂದಿದ್ದನ್ನು ನೋಡಿದ್ದೇನೆ. ಬಿಲ್ ಬಂದೇ ಬರುತ್ತದೆ, ಫೈನಾನ್ಶಿಯಲ್ ಅಸಿಸ್ಟೆನ್ಸ್ ಫಾರ್ಮ್ ಕೇಳಿ ಪಡೆಯಿರಿ.

ಒಂದು ಮಾತು ಮುಚ್ಚಿಡಬಾರದು. ಶಾಲೆ, ಆಸ್ಪತ್ರೆಗಳಲ್ಲಿ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಯಾರನ್ನೂ ಹಿಡಿಯಬಾರದು ಎಂಬ ನಿಯಮವನ್ನು 2025ರ ಜನವರಿಯಲ್ಲಿ ತೆಗೆದುಹಾಕಿದರು. ಅವರ ಭಯ ಸುಮ್ನೆ ಅಲ್ಲ.

ಆಸ್ಟಿನ್‌ನಿಂದ:
ಟ್ಯಾಕ್ಸ್ ಮಾತಾಡುವವರಿಗೆ ಅಂಗಡಿ ರಸೀದಿ ತೋರಿಸಿ. ನಮ್ಮೂರಲ್ಲಿ 8.25% ಸೇಲ್ಸ್ ಟ್ಯಾಕ್ಸ್ ಆಕೆಯಂಥವರೂ ಕೊಡುತ್ತಾರೆ. ಶಾಲೆಗೆ ಹೋಗುವ ಪ್ರಾಪರ್ಟಿ ಟ್ಯಾಕ್ಸ್ ಅವರ ಬಾಡಿಗೆಯಲ್ಲೂ ಸೇರಿದೆ ಅಲ್ವಾ? ಆ ಭಯ ನನಗೂ ಗೊತ್ತು: ನನ್ನ ಕೆಲಸ ಹೋದಾಗ ಎಚ್-1ಬಿ (ಕಂಪನಿ ಮೂಲಕ ಸಿಗುವ ಕೆಲಸದ ವೀಸಾ) ಉಳಿಸಿಕೊಳ್ಳಲು ಇದ್ದಿದ್ದು 60 ದಿನ. ಹೊಸ ಕಂಪನಿ ವೀಸಾ ಪಿಟಿಷನ್ ಹಾಕಿದ್ದು 51ನೇ ದಿನ. ಅಲ್ಲಿಯವರೆಗೆ ಬೆಳಿಗ್ಗೆ ಮಗನನ್ನು ಸ್ಕೂಲ್ ಬಸ್ ಹತ್ತಿಸುವಾಗ ಎದೆ ಹಿಂಡಿದಂತಾಗುತ್ತಿತ್ತು.

ಡಾಲಸ್‌ನಿಂದ:
ಸೋಮವಾರ ಹೋಗುತ್ತೇವೆ. ಕರೆಂಟ್ ಬಿಲ್ ಆಕೆಯ ಅಣ್ಣನ ಹೆಸರಲ್ಲಿದೆ. ನಡೆಯುತ್ತಾ?

ಪ್ಲೇನೋದಿಂದ:
"ನಮ್ಮ ಮನೆಯಲ್ಲೇ ಇದ್ದಾರೆ" ಎಂದು ಅಣ್ಣನಿಂದ ಬರೆಸಿಕೊಳ್ಳಲು ಶಾಲೆಯಲ್ಲೇ ಫಾರ್ಮ್ ಇರುತ್ತದೆ. ಅವರನ್ನೂ ಕರೆದುಕೊಂಡು ಹೋಗಿ.