ಸ್ಯಾಂಡಿ ನದಿ ಸ್ಟೀಲ್‌ಹೆಡ್: ಏಳು ಸಲ ಹೋದರೂ ಒಂದೂ ಕಚ್ಚಿಲ್ಲ. ಯಾವ ಲೂರ್ ಹಾಕಲಿ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಒರೆಗಾನ್‌ನ ಬೀವರ್ಟನ್‌ನಲ್ಲಿದ್ದೇನೆ. ಜನವರಿಯಿಂದ ಸ್ಯಾಂಡಿ ನದಿಗೆ, ಆಕ್ಸ್‌ಬೋ ಪಾರ್ಕಿನ ಹತ್ತಿರ, ಏಳು ಸಲ ಹೋಗಿದ್ದೇನೆ. ಒಂದು ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ನದಿಗೆ ಮರಳುವ ರೇನ್‌ಬೋ ಟ್ರೌಟ್ ಮೀನು) ಕೂಡ ಗಾಳ ಮುಟ್ಟಿಲ್ಲ. ಪಕ್ಕದವರಿಗೆ ಸಿಕ್ಕಿದ್ದನ್ನು ಎರಡು ಸಲ ಕಣ್ಣಾರೆ ನೋಡಿದೆ. ಅಂದ್ರೆ ಮೀನು ಇದೆ.

ಇದುವರೆಗೆ ಹಾಕಿದ ಲೂರ್‌ಗಳು, ಅಂದ್ರೆ ಕೃತಕ ಆಮಿಷಗಳು: 4ನೇ ನಂಬರ್ ಬ್ಲೂ ಫಾಕ್ಸ್ ಸ್ಪಿನ್ನರ್ (ತಗಡು ಗಿರಗಿರ ತಿರುಗುವಂಥದ್ದು), 2/5 ಔನ್ಸ್ ಲಿಟಲ್ ಕ್ಲಿಯೋ ಸ್ಪೂನ್ (ಚಮಚದ ಹಾಗೆ ಬಾಗಿದ ಲೋಹದ ತಗಡು), ಬೆಂಡಿನ ಕೆಳಗೆ 1/8 ಔನ್ಸ್ ಗುಲಾಬಿ ಜಿಗ್ (ಭಾರದ ತಲೆಯ ಗಾಳ), ಗುಲಾಬಿ ರಬ್ಬರ್ ಹುಳ. ಅರ್ಧ ಗಂಟೆಗೊಮ್ಮೆ ಬದಲಿಸುತ್ತೇನೆ. ರಾಡು ಒಂಬತ್ತೂವರೆ ಅಡಿ, 30 ಪೌಂಡ್ ಬ್ರೇಡ್ (ಹೆಣೆದ ದಾರ), 12 ಪೌಂಡ್ ಲೀಡರ್ (ಗಾಳದ ಕಡೆಯ ದಾರದ ತುಂಡು). ಗಂಟುಗಳು ಗಟ್ಟಿ ಇವೆ. ಇಷ್ಟು ದಿನದಲ್ಲಿ ಕಳೆದದ್ದು ಒಂದೇ ಸ್ಪೂನ್, ಅದೂ ಮರದ ಕೊಂಬೆಗೆ ಸಿಕ್ಕಿ.

ಊರಲ್ಲಿ ತುಂಗೆಯ ಮಡುವಿನಲ್ಲಿ ಎರೆಹುಳ ಸಿಕ್ಕಿಸಿ ಕೂತರೆ ಮೀನು ತಾನಾಗಿ ಬರುತ್ತಿತ್ತು. ಇಲ್ಲಿ ಇನ್ನು ಯಾವ ಲೂರ್ ಕೊಳ್ಳಲಿ, ಯಾವ ಬಣ್ಣ? ದಯವಿಟ್ಟು ಹೇಳಿ.

ಹಳೇಬೆಂಡು:

ಸದ್ಯಕ್ಕೆ ಏನೂ ಕೊಳ್ಳಬೇಡಿ. ಮೊದಲು ನಾಲ್ಕು ಪ್ರಶ್ನೆ. ಬೆಂಡಿನ ಸ್ಟಾಪರ್‌ನಿಂದ, ಅಂದ್ರೆ ದಾರದ ಮೇಲೆ ಬೆಂಡನ್ನು ತಡೆಯುವ ಗಂಟಿನಿಂದ, ಜಿಗ್‌ವರೆಗೆ ಎಷ್ಟು ಅಡಿ ಬಿಟ್ಟಿದ್ದೀರಿ? ಸ್ಪೂನ್ ಎಸೆದ ಮೇಲೆ ಯಾವಾಗ ರೀಲ್ ಸುತ್ತುತ್ತೀರಿ? ನೀರು ಎಷ್ಟು ತಣ್ಣಗಿತ್ತು? ಈಗ ಇರುವ ಸ್ಪೂನನ್ನು ಕೈಯಲ್ಲಿ ಹಿಡಿದು ನೋಡಿ, ಮೈಮೇಲೆ ಗೀರುಗಳಿವೆಯಾ?

ತುಂಗಾತೀರ:

ಜಿಗ್‌ವರೆಗೆ ಮೂರು ಅಡಿ. ಅಲ್ಲಿ ನೀರು ಐದಾರು ಅಡಿ ಇರಬಹುದು. ಸ್ಪೂನ್ ಬಿದ್ದ ತಕ್ಷಣ ಸುತ್ತುತ್ತೇನೆ, ಇಲ್ಲಾಂದ್ರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತೆ ಅನ್ನೋ ಭಯ. ಹೋದ ಶನಿವಾರ ನೀರು 41 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 5 ಸೆಲ್ಸಿಯಸ್. ಸ್ಪೂನ್ ಈಗಷ್ಟೇ ನೋಡಿದೆ. ಒಂದೂ ಗೀರಿಲ್ಲ, ಅಂಗಡಿಯಿಂದ ತಂದ ಹಾಗೇ ಹೊಳೆಯುತ್ತಿದೆ.

ಹಳೇಬೆಂಡು:

ತೊಂದರೆ ಅಲ್ಲೇ ಇದೆ. ನಿಮ್ಮ ನಾಲ್ಕೂ ಲೂರ್ ಒಳ್ಳೆಯವೇ. ಒಂದೂ ಮೀನಿನ ಹತ್ತಿರ ಹೋಗುತ್ತಿಲ್ಲ. ಚಳಿಗಾಲದ ಸ್ಟೀಲ್‌ಹೆಡ್ ತಳಕ್ಕೆ ಅಂಟಿಕೊಂಡ ಹಾಗೆ ನಿಂತಿರುತ್ತದೆ. ನೀರು ಇಷ್ಟು ತಣ್ಣಗಿದ್ದರೆ ಅದು ಮೂರು ಅಡಿ ಮೇಲೆ ಬಂದು, ಓಡುವ ಸ್ಪೂನನ್ನು ಅಟ್ಟಿಸಿಕೊಂಡು ಹೋಗೋದು ತೀರಾ ಅಪರೂಪ. ಮೂಗಿನ ಮುಂದೆ, ನಿಧಾನವಾಗಿ ಬಂದರೆ ಬಾಯಿ ಹಾಕುತ್ತದೆ.

ಬೆಂಡಿನಿಂದ ಶುರು ಮಾಡಿ. 3/8 ಔನ್ಸ್ ಬೆಂಡು, ಅದರ ಕೆಳಗೆ 1/4 ಔನ್ಸ್ ಸೀಸ, ಆಮೇಲೆ ಎರಡು ಅಡಿ ಲೀಡರ್, ಕೊನೆಗೆ ನಿಮ್ಮ 1/8 ಜಿಗ್. ಸೀಸ ಮತ್ತು ಜಿಗ್ ಸೇರಿ ಬೆಂಡಿನ ಲೆಕ್ಕಕ್ಕೆ ಸರಿಯಾಗುತ್ತೆ. ಸ್ಟಾಪರನ್ನು ಅರ್ಧರ್ಧ ಅಡಿ ಮೇಲಕ್ಕೆ ಸರಿಸುತ್ತಾ ಹೋಗಿ. ಜಿಗ್ ತಳಕ್ಕೆ ತಾಗಿದರೆ ಬೆಂಡಿನ ತಲೆ ಕೆಳಹರಿವಿನ ಕಡೆ ವಾಲುತ್ತದೆ, ಒಮ್ಮೊಮ್ಮೆ ಮುಳುಗುತ್ತದೆ. ಆಗ ಒಂದು ಅಡಿ ಕಮ್ಮಿ ಮಾಡಿ. ಅದೇ ನಿಮ್ಮ ಅಳತೆ. ಜಾಗ ಬದಲಿಸಿದರೆ ಮತ್ತೆ ಅಳೆಯಬೇಕು. ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ನಾನು ದಿನಕ್ಕೆ ಹತ್ತಾರು ಸಲ ಸ್ಟಾಪರ್ ಸರಿಸುತ್ತೇನೆ.

ಇನ್ನೊಂದು ವಿಷಯ. ನದಿಯ ಮೇಲ್ಪದರ ತಳಕ್ಕಿಂತ ಜೋರಾಗಿ ಓಡುತ್ತದೆ. ನಿಮ್ಮ ಬ್ರೇಡ್ ನೀರಿನ ಮೇಲೆ ಬಿಲ್ಲಿನ ಹಾಗೆ ಬಾಗಿ ಬೆಂಡನ್ನು ಎಳೆದುಕೊಂಡು ಹೋದರೆ ಜಿಗ್ ಮೇಲೇಳುತ್ತದೆ. ರಾಡು ಎತ್ತಿ, ಆ ಬಾಗನ್ನು ಮೇಲ್ಹರಿವಿನ ಕಡೆ ಎತ್ತಿ ಹಾಕುತ್ತಿರಿ. ಬೆಂಡು ನೆಟ್ಟಗೆ ನಿಂತು, ಪಕ್ಕದ ನೊರೆಗಿಂತ ಸ್ವಲ್ಪ ನಿಧಾನವಾಗಿ ಸಾಗಬೇಕು.

ಸ್ಪೂನ್‌ಗೆ: ಅಡ್ಡಲಾಗಿ, ಸ್ವಲ್ಪ ಮೇಲ್ಹರಿವಿಗೆ ಎಸೆಯಿರಿ. ಮುಳುಗಲು ಬಿಡಿ. ದಾರ ಬಿಗಿಯಾಗಿದ್ದರೆ ಸಾಕು, ಸುತ್ತಬೇಡಿ. ಸೆಳವೇ ಅದನ್ನು ದಡಕ್ಕೆ ತರುತ್ತದೆ. ರಾಡಿನ ತುದಿಯಲ್ಲಿ ನಿಧಾನದ ಮಿಡಿತ ಗೊತ್ತಾಗಬೇಕು, ನಡುನಡುವೆ ಕಲ್ಲಿನ ಒಂದು ಟಕ್. ದಡದ ಹತ್ತಿರ ಬಂದು ನಿಂತ ಮೇಲೂ ಐದಾರು ಸೆಕೆಂಡ್ ಕಾಯಿರಿ. ಎಷ್ಟೋ ಮೀನು ಆಗಲೇ ಕಚ್ಚುತ್ತವೆ.

ಹೀಗೆ ಹಿಡಿದರೆ ದಿನಕ್ಕೆ ಎರಡು ಮೂರು ಲೂರ್ ಕಲ್ಲಿಗೆ ಹೋಗುತ್ತವೆ. ಹೋಗಲಿ ಬಿಡಿ. ಏಳು ಸಲದಲ್ಲಿ ತಳಕ್ಕೆ ಒಂದೂ ಕಳೆಯಲಿಲ್ಲ ಅಂದಾಗಲೇ ನನಗೆ ಅನುಮಾನ ಬಂದಿತ್ತು.

ಮಂಜುಹೊಳೆ:

ಹಳೇಬೆಂಡು ಹೇಳಿದ್ದಕ್ಕೆ ಇದನ್ನೂ ಸೇರಿಸಿ. ತುಂಗಾತೀರ, ನೀವು ನಿಲ್ಲೋದು ಎಲ್ಲಿ? ಸೊಂಟದವರೆಗೆ ಇಳಿದು ಆಚೆ ದಡಕ್ಕೆ ಎಸೆಯುತ್ತಿದ್ದರೆ, ಮೀನು ನಿಂತಿದ್ದ ಜಾಗವನ್ನೇ ತುಳಿದಿದ್ದೀರಿ. ನೀರು ಏರಿ ಮಬ್ಬಾಗಿರುವಾಗ ಸ್ಟೀಲ್‌ಹೆಡ್ ದಡದ ಪಕ್ಕದ ನಿಧಾನದ ನೀರಿನಲ್ಲೇ ಮೇಲೆ ಹೋಗುತ್ತದೆ. ಇಳಿಯುವ ಮೊದಲು ಕಾಲಬುಡದ ಹದಿನೈದು ಅಡಿಯಲ್ಲಿ ಬೆಂಡು ಬಿಡಿ. ನಾವು ಆರಾಮಾಗಿ ನಡೆಯೋ ವೇಗದ ನೀರು, ನಾಲ್ಕರಿಂದ ಆರು ಅಡಿ ಆಳ, ತಳದಲ್ಲಿ ಕುಂಬಳಕಾಯಿ ಗಾತ್ರದ ಕಲ್ಲು. ಅಂಥ ಕಡೆ ನಿಲ್ಲಿ.

2007ರಲ್ಲಿ ಮಾರ್ಮಟ್ ಅಣೆಕಟ್ಟು ತೆಗೆದ ಮೇಲೆ ಸ್ಯಾಂಡಿ ಮೌಂಟ್ ಹುಡ್ ಪರ್ವತದಿಂದ ಕೊಲಂಬಿಯಾ ನದಿಯವರೆಗೆ ಅಡ್ಡಿಯಿಲ್ಲದೆ ಹರಿಯುತ್ತದೆ. ಮೀನು ಒಂದೇ ಕಡೆ ಗುಂಪಾಗಿ ಕಾಯುತ್ತಾ ನಿಲ್ಲೋದಿಲ್ಲ. ಒಂದೇ ಕಲ್ಲಿನ ಮೇಲೆ ಇಡೀ ದಿನ ನಿಲ್ಲುವ ಬದಲು ನಡೆಯಿರಿ. ಮಳೆ ನಿಂತು ನೀರು ಇಳಿಯುತ್ತಾ, ಹಸಿರು ಬಣ್ಣಕ್ಕೆ ತಿರುಗುವ ದಿನ ನೋಡಿ ಹೋಗಿ. ಬುಲ್ ರನ್ ಉಪನದಿ ಸೇರುವ ಜಾಗದ ಕೆಳಗಿರುವ ಯುಎಸ್‌ಜಿಎಸ್ (ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ) ಗೇಜ್, ಅಂದ್ರೆ ನೀರಿನ ಮಟ್ಟದ ಮಾಪಕವನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ನೋಡಬಹುದು.

ಬಣ್ಣ ಕೇಳಿದ್ದೀರಲ್ಲ: ಮಬ್ಬು ನೀರಿಗೆ ದೊಡ್ಡದು, ಗುಲಾಬಿ ಇಲ್ಲವೇ ಕಿತ್ತಳೆ. ತಿಳಿ ನೀರಿಗೆ ಸಣ್ಣದು, ನೇರಳೆ ಅಥವಾ ಕಪ್ಪು. ಅಷ್ಟು ಸಾಕು.

ತುಂಗಾತೀರ:

ಇವತ್ತು ಹೋಗಿ ಬಂದೆ. ಕೈ ಇನ್ನೂ ನಡುಗುತ್ತಿದೆ, ತಪ್ಪಿದ್ದರೆ ಕ್ಷಮಿಸಿ.

ಲೂರ್ ಬದಲಿಸಲೇ ಇಲ್ಲ, ಗುಲಾಬಿ ಜಿಗ್ ಒಂದೇ. ಮೂರು ಅಡಿ ಇದ್ದದ್ದು ಅಳೆಯುತ್ತಾ ಅಳೆಯುತ್ತಾ ಐದೂವರೆಗೆ ಬಂತು. ಎರಡು ಜಿಗ್ ಕಲ್ಲಿಗೆ ಹೋದವು. ಹತ್ತು ಗಂಟೆ ಹೊತ್ತಿಗೆ, ದಡದಿಂದ ಹತ್ತೇ ಅಡಿ ದೂರದಲ್ಲಿ ಬೆಂಡು ಸುಮ್ನೆ ಒಳಗೆ ಹೋಯಿತು. ಮತ್ತೆ ಕಲ್ಲು ಅಂದುಕೊಂಡೆ. ರಾಡು ಎತ್ತಿದರೆ ಕಲ್ಲು ಓಡಲು ಶುರು ಮಾಡಿತು! ಎರಡು ಸಲ ಪೂರ್ತಿ ನೀರಿನಿಂದ ಹೊರಗೆ ಹಾರಿತು. ಬೆಳ್ಳಿಯ ಹಾಗೆ ಮೈ, ಕೆನ್ನೆಯಲ್ಲಿ ಮಾತ್ರ ತೆಳು ಗುಲಾಬಿ. ಬಾಲದ ಹತ್ತಿರ ಬೆನ್ನ ಮೇಲಿನ ಪುಟ್ಟ ರೆಕ್ಕೆ ಹಾಗೇ ಇತ್ತು. ಹ್ಯಾಚರಿಯಲ್ಲಿ (ಮೀನು ಮರಿ ಸಾಕಣೆ ಕೇಂದ್ರ) ಬೆಳೆಸಿದ ಮೀನಿಗೆ ಆ ರೆಕ್ಕೆ ಕತ್ತರಿಸಿ ಬಿಡುತ್ತಾರೆ. ಅಂದ್ರೆ ಇದು ಹ್ಯಾಚರಿಯದ್ದಲ್ಲ, ಕಾಡು ಮೀನು. ನೀರಿನಿಂದ ಎತ್ತದೆ ಗಾಳ ಬಿಡಿಸಿದೆ. ಒಂದು ನಿಮಿಷ ನನ್ನ ಒದ್ದೆ ಕೈಯಲ್ಲೇ ಕಿವಿರು ಆಡಿಸುತ್ತಾ ನಿಂತಿತ್ತು, ಆಮೇಲೆ ಬಾಲ ಬಡಿದು ಹೋಯಿತು.

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಂದೇ ಸಂದೇಹ: ಇದಕ್ಕೆ ಮುಂಚೆಯೂ ಎರಡು ಸಲ ಬೆಂಡು ಮುಳುಗಿತ್ತು. ಕಲ್ಲು ಅಂತ ಸುಮ್ಮನಿದ್ದೆ. ಮುಳುಗಿದಾಗೆಲ್ಲಾ ಎಳೆಯಬೇಕಾ?

ಹಳೇಬೆಂಡು:

ಓದಿ ನನಗೇ ಹಬ್ಬದಷ್ಟು ಖುಷಿಯಾಯಿತು. ಹೌದು, ಪ್ರತಿ ಸಲವೂ. ಸಡಿಲು ದಾರವನ್ನು ಬೇಗ ಸುತ್ತಿ, ರಾಡು ಎತ್ತಿಬಿಡಿ. ಕಲ್ಲಾದರೆ ಒಂದು ಜಿಗ್ ಹೋಗಬಹುದು, ಅಷ್ಟೇ.